ಟಗರಿನ ತಲೆಯ ನಶ್ಯ

ಟಗರಿನ ತಲೆಯೊಳಗೆ ಬೆರಳಿಟ್ಟ ಗಂಡಸು ಇಡಿಯಾಗಿ ಮನೆಗೆ ಮರಳಿದ್ದನ್ನು ನಾನು ಕಂಡಿಲ್ಲ. ನನ್ನ ಅತ್ತೆಯೂ ಕಂಡಿಲ್ಲ.

ಅದು ನಿಜವಾದ ಟಗರಿನ ತಲೆ. ಸುರುಳಿ ಕೊಂಬು, ತುಪ್ಪಟ, ಗಾಜಿನ ಕಣ್ಣು. ನೆತ್ತಿಯನ್ನು ಕೊರೆದು ಕೊಂಬುಗಳ ನಡುವೆ ಬೆಳ್ಳಿಯ ಮುಚ್ಚಳ ಕೂರಿಸಿದ್ದರು. ಒಳಗೆ ನಶ್ಯ. ಮೇಜಿನ ಮೇಲೆ ಒಬ್ಬರಿಂದೊಬ್ಬರಿಗೆ ಉರುಳಿಸಲು ಕತ್ತಿನ ಕೆಳಗೆ ಪುಟ್ಟ ಗಾಲಿಗಳು. ಫೀರಾ ಕಣಿವೆಯ ಧಣಿಗಳ ಮನೆಯಲ್ಲಿ ಅದು ತಲೆಮಾರುಗಳಿಂದ ಇತ್ತು. ರಾಜನಿಗೆ ಸೈನ್ಯ ಕಟ್ಟಿಕೊಡಬೇಕಾದಾಗ ಮಾತ್ರ ಹೊರಗೆ ಬರುತ್ತಿತ್ತು. ಧಣಿ ಮುಚ್ಚಳ ತೆರೆಯಬೇಕು. ಗಂಡಸು ಬೆರಳಿಟ್ಟು ಚಿಟಿಕೆ ತೆಗೆದು ಮೂಗಿಗೇರಿಸಬೇಕು. ಸಹಿ ಬೇಡ, ಸಾಕ್ಷಿ ಬೇಡ. ಸೀನು ಬರುವುದರೊಳಗೆ ಅವನು ಸಿಪಾಯಿಯಾಗಿರುತ್ತಿದ್ದ.

ಸ್ಕಾಟ್ಲೆಂಡಿನ ಉತ್ತರದ ಈ ಕಣಿವೆಗಳಿಂದ ಹಾಗೆ ಸೀನುತ್ತ ಹೊರಟವರ ಮೂಳೆಗಳು ಇಂಗ್ಲಿಷ್ ಬಾವುಟ ಹಾರುವ ನೆಲದಲ್ಲೆಲ್ಲ ಹೂತಿವೆ.

ರಾಣಿ ರಷ್ಯಾದ ಚಕ್ರವರ್ತಿಯ ಮೇಲೆ ಯುದ್ಧ ಸಾರಿದ ವರ್ಷ ಆ ತಲೆ ಮತ್ತೆ ಹೊರಗೆ ಬಂತು. ಸುದ್ದಿ ಬಂದಾಗ ನನ್ನ ಬೆನ್ನ ಮೇಲೆ ಕಡಲಕಳೆಯ ಬುಟ್ಟಿ ಇತ್ತು.

ನಾವಿರುವುದು ಕಲ್ಲುದಡ. ಹೆಸರೇ ಹೇಳುವಂತೆ ಬರೀ ಕಲ್ಲು. ಇಲ್ಲಿ ಬೆಳೆಗಿಂತ ಮೊದಲು ಮಣ್ಣನ್ನೇ ಬೆಳೆಯಬೇಕು. ಕಡಲು ಹಿಂದೆ ಸರಿದಾಗ ತೊಡೆಯ ಮಟ್ಟ ನೀರಿಗಿಳಿದು ಕಳೆ ಕೊಯ್ಯುತ್ತೇವೆ. ಬುಟ್ಟಿಗೆ ತುಂಬಿ ಹಗ್ಗವನ್ನು ಎದೆಗೆ ಬಿಗಿದು ದಿಬ್ಬ ಹತ್ತುತ್ತೇವೆ. ಉಪ್ಪುನೀರು ಬೆನ್ನಿನಿಂದ ಹಿಮ್ಮಡಿಗೆ ಇಳಿಯುತ್ತದೆ. ಹಗ್ಗ ಉಜ್ಜಿದಲ್ಲಿ ಚರ್ಮ ಬಿರಿಯುತ್ತದೆ, ಬಿರಿದಲ್ಲಿ ಉಪ್ಪು ಸೇರುತ್ತದೆ. ಬಂಡೆಯ ಮೇಲೆ ಆ ಕಳೆ ಕೊಳೆತು ಕರಗಿದರೆ ಒಂದು ಗೇಣು ಮಣ್ಣು. ಆ ಮಣ್ಣಿನಲ್ಲಿ ಆಲೂಗೆಡ್ಡೆ. ಕತ್ತೆಯಿಂದಲೂ ಮಾಡಿಸದ ಈ ಕೆಲಸ ಹೆಂಗಸರದು.

ಪಾರುಪತ್ಯಗಾರ ಗಿಲ್‌ಕ್ರಿಸ್ಟ್ ಕುದುರೆಯ ಮೇಲೆ ಬಂದ. ಇಳಿಯಲಿಲ್ಲ. ಧಣಿಯ ಆಸ್ತಿಯನ್ನೆಲ್ಲ ನೋಡಿಕೊಳ್ಳುವವನು ಅವನು. ಧಣಿಯ ಮುಖ ಕಾಣದ ನಮಗೆ ಅವನೇ ಧಣಿ, ಅವನೇ ದೇವರು, ಅವನೇ ಸಿಡಿಲು.

"ಏನಮ್ಮ ಕಿರ್ಸ್ಟಿ, ಚೆನ್ನಾಗಿದ್ದೀಯಾ ತಾಯಿ?" ಎಂದ.

ನನ್ನ ಹಿಂದೆ ಬುಟ್ಟಿ ಹೊತ್ತು ಬರುತ್ತಿದ್ದ ಅತ್ತೆ ಬೇಹಾಕ್ ನಿಂತಳು. ಹಲ್ಲೆಲ್ಲ ಉದುರಿದ್ದರೂ ಅವಳ ನಾಲಿಗೆಗೆ ಮುಪ್ಪು ಬಂದಿರಲಿಲ್ಲ.

"ತಾಯಿ ಅಂದ್ನಾ? ಬುಟ್ಟಿ ಭದ್ರವಾಗಿ ಹಿಡ್ಕೊ ಹುಡುಗಿ. ಏನೋ ಕಿತ್ಕೊಳ್ಳಕ್ಕೆ ಬಂದವ್ನೆ."

ಗಿಲ್‌ಕ್ರಿಸ್ಟ್ ನಕ್ಕ. ಅವನು ನಕ್ಕದ್ದು ನನಗೆ ಅವನ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವನ ಕಣ್ಣು ನನ್ನ ಮಗನ ಮೇಲಿತ್ತು. ಟಾರ್ಕಿಲ್ ದೋಣಿಗೆ ಕೀಲು ಹೊಡೆಯುತ್ತಿದ್ದ. ಅಂಗಿ ಇರಲಿಲ್ಲ. ಸಂತೆಯಲ್ಲಿ ಟಗರಿನ ಬೆನ್ನು ಅಳೆಯುವವನಂತೆ ಗಿಲ್‌ಕ್ರಿಸ್ಟ್ ಅವನ ಭುಜ, ತೋಳು, ಕಾಲುಗಳನ್ನು ಒಂದೊಂದಾಗಿ ನೋಡಿದ.

"ಹಲ್ಲೂ ತೋರಿಸ್ಲಾ ಸಾಹೇಬ್ರೆ?" ಎಂದ ಟಾರ್ಕಿಲ್.

"ನಾಳೆ ತೋರಿಸುವೆಯಂತೆ. ಮಧ್ಯಾಹ್ನ ಚರ್ಚಿನ ಅಂಗಳಕ್ಕೆ ಎಲ್ಲರೂ ಬರಬೇಕು. ಧಣಿಗಳೇ ಲಂಡನ್ನಿನಿಂದ ಬಂದಿದ್ದಾರೆ. ಟಗರಿನ ತಲೆ ತೆಗೀತಾರೆ."

ಅತ್ತೆಯ ಬುಟ್ಟಿ ಜಾರಿತು. ಕಳೆಯೆಲ್ಲ ಕೆಸರಿಗೆ ಬಿತ್ತು. ಆ ವಯಸ್ಸಿನವರೆಗೆ ಅವಳ ಬುಟ್ಟಿ ಒಮ್ಮೆಯೂ ಜಾರಿರಲಿಲ್ಲ.

*

ಅತ್ತೆಯ ಗಂಡನ ಹೆಸರೂ ಟಾರ್ಕಿಲ್. ಈಗಿನ ಧಣಿಯ ಅಜ್ಜ ಟಗರಿನ ತಲೆ ತೆರೆದಾಗ ಅವನು ಬೆರಳಿಟ್ಟಿದ್ದ. ಆಗ ಅತ್ತೆ ಬಸುರಿ. ಹಳೆಯ ಧಣಿ ಫೀರಾದಲ್ಲಿದ್ದ ಅವಳ ಮನೆಯ ಬಾಗಿಲಿಗೇ ಬಂದು, ನಮ್ಮ ಗೇಲಿಕ್ ಭಾಷೆಯಲ್ಲೇ ಮಾತು ಕೊಟ್ಟ: "ನಿನ್ನ ಒಲೆಯಲ್ಲಿ ಹೊಗೆ ಏಳೋವರ್ಗೂ ಈ ನೆಲ ನಿಂದು ತಾಯಿ."

ಗಂಡ ಹಡಗು ಹತ್ತಿ ಬಿಸಿಲಿನ ದೇಶವೊಂದಕ್ಕೆ ಹೋದ. ಅಲ್ಲಿ ನದಿ ಎರಡಾಗಿ ಸೀಳಿ ಬಳಸಿಕೊಂಡ ಒಂದು ಕೋಟೆ. ಹುಲಿ ಎಂದು ಕರೆಸಿಕೊಂಡ ಒಬ್ಬ ರಾಜ. ಫಿರಂಗಿ ಗೋಡೆ ಒಡೆದ ಕಡೆ ಕಲ್ಲಿನ ರಾಶಿ ಹತ್ತುವಾಗ ಟಾರ್ಕಿಲ್ ಬಿದ್ದ. ಅತ್ತೆ ಆ ಊರಿನ ಹೆಸರನ್ನು ಬೈಗುಳದಂತೆ ಕಲಿತಿದ್ದಳು: ಸೆರಿಂಗಪಟಂ.

"ಆ ಊರ್ನೋರು ನಮ್ಮ ಕೋಳಿ ಕದ್ದಿದ್ರಾ? ನಮ್ಮ ಬೇಲಿ ಮುರ್ದಿದ್ರಾ? ಅಲ್ಲೂ ಯಾವಳೋ ಒಬ್ಬಳು ಒಲೆ ಹಚ್ಕೊಂಡು ಕೂತಿದ್ಲು. ಅದನ್ನ ಆರ್ಸಕ್ಕೆ ನನ್ನ ಗಂಡನ್ನ ಕಳ್ಸಿದ್ರು," ಎನ್ನುತ್ತಿದ್ದಳು.

ಹೊಗೆಯ ಮಾತನ್ನು ಮಾತ್ರ ಅವಳು ಬಿಗಿಯಾಗಿ ಹಿಡಿದಿದ್ದಳು. ನಮ್ಮ ಸೀಮೆಯಲ್ಲಿ ಒಲೆ ಆರುವುದಿಲ್ಲ. ಮಲಗುವ ಮುನ್ನ ಕೆಂಡಕ್ಕೆ ಬೂದಿ ಹೊದಿಸಿ ಪ್ರಾರ್ಥನೆ ಹೇಳುತ್ತೇವೆ, ಬೆಳಗ್ಗೆ ಊದಿ ಎಬ್ಬಿಸುತ್ತೇವೆ. ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಸೊಸೆಗೆ ಬಂದ ಬೆಂಕಿ ಅದು. ನಾನು ಮದುವೆಯಾಗಿ ಬಂದ ದಿನ ಅತ್ತೆ ನನಗೆ ಮೊದಲು ತೋರಿಸಿದ್ದು ಗಂಡನನ್ನಲ್ಲ, ಆ ಕೆಂಡವನ್ನು.

ಆಮೇಲೆ ಹಳೆಯ ಧಣಿ ಸತ್ತ. ಅವನ ಮಗನಿಗೆ ಗೇಲಿಕ್ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಮನುಷ್ಯರಿಗಿಂತ ಕುರಿ ಲಾಭ ಎಂದು ಅವನಿಗೆ ಯಾರೋ ಹೇಳಿದರು. ಗಿಲ್‌ಕ್ರಿಸ್ಟ್ ಆಳುಗಳೊಡನೆ ಫೀರಾಕ್ಕೆ ಬಂದ. ನನ್ನ ಮಗ ಆಗ ತೊಟ್ಟಿಲ ಕೂಸು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಮೇಲೆ ಕೈ ತೋರಿಸಿದಳು.

"ಹೊಗೆ ಕಾಣ್ತದಾ? ಹೊಗೆ ಇರೋವರ್ಗೂ ನೆಲ ನಂದು. ನಿಮ್ಮ ದೊಡ್ಡ ಧಣಿ ಮಾತು."

ಗಿಲ್‌ಕ್ರಿಸ್ಟ್ ಹೊಗೆ ನೋಡಿದ. ಒಳಗೆ ಬಂದ. ಅವಸರ ಪಡಲಿಲ್ಲ. ಹಲಗೆಯ ಮೇಲೆ ಆಗತಾನೆ ಕರೆದ ಹಾಲಿನ ಪಾತ್ರೆ ಇತ್ತು. ಅದನ್ನೆತ್ತಿ ಒಲೆಗೆ ಸುರಿದ. ಹಾಲು ಚುರ್ರೆಂದಿತು. ಸೀದ ಹಾಲಿನ ವಾಸನೆ. ಬೆಳ್ಳಗೆ ಒಂದು ಹೊಗೆ ಎದ್ದಿತು, ತೆಳುವಾಯಿತು, ನಿಂತಿತು.

"ಈಗ ಎಲ್ಲಿದೆ ಹೊಗೆ?" ಎಂದ.

ತೊಟ್ಟಿಲಲ್ಲಿ ನನ್ನ ಮಗ ಹಾಲಿಗಾಗಿ ಅಳುತ್ತಿದ್ದ.

ಆಳುಗಳು ಮಾಡಿನ ತೊಲೆ ಎಳೆದರು. ನಾವು ಹೋದೆವು, ಕುರಿ ಬಂದವು. ಕಡಲದಂಡೆಗೆ ಎಸೆದು, ಇನ್ನು ಮೀನು ಹಿಡಿದು ಬದುಕಿ ಎಂದರು. ನನ್ನ ಗಂಡ ಬೆಟ್ಟದವನು. ಕಡಲು ಅವನನ್ನು ಮೊದಲ ಚಳಿಗಾಲದಲ್ಲೇ ತಿಂದಿತು. ಕಲ್ಲುದಡದ ಗುಡಿಸಲಿನಲ್ಲಿ ಕಲ್ಲು ಉಜ್ಜಿ ಬೆಂಕಿ ಮಾಡಿದೆವು. ಅತ್ತೆ ಅಷ್ಟು ವರ್ಷದಲ್ಲಿ ಒಂದು ದಿನವೂ ಅದಕ್ಕೆ ಕೈ ಕಾಯಿಸಲಿಲ್ಲ. "ಇದು ಬೆಂಕಿ ಅಲ್ಲ, ಬರೀ ಉರಿ," ಎಂದು ಮೂಲೆಯಲ್ಲಿ ನಡುಗುತ್ತ ಕೂರುತ್ತಿದ್ದಳು.

*

ಗಿಲ್‌ಕ್ರಿಸ್ಟ್ ಬಂದು ಹೋದ ಸಂಜೆ ಟಾರ್ಕಿಲ್ ಗಂಜಿಯ ಬಟ್ಟಲು ಮುಟ್ಟಲಿಲ್ಲ.

"ಅವ್ವಾ, ನಾಳೆ ನಾನು ಬೆರಳಿಡ್ತೀನಿ."

ನನ್ನ ಕೈಯಲ್ಲಿದ್ದ ಸೌಟು ಗಂಜಿಯಲ್ಲೇ ನಿಂತಿತು.

"ಗಿಲ್‌ಕ್ರಿಸ್ಟ್ ದೋಣಿ ಹತ್ರ ಬಂದು ಹೇಳ್ದ. ನಾನು ನಶ್ಯ ತಗೊಂಡ್ರೆ ಫೀರಾದಲ್ಲಿ ನಮ್ಮ ಮನೆ ಜಾಗ ವಾಪಸ್ಸು. ನಿಂಗೂ ಅಜ್ಜಿಗೂ."

"ಜಾಗ ಬ್ಯಾಡ ನಂಗೆ. ನೀನು ಬೇಕು."

"ನಿನ್ನ ಬೆನ್ನು ನೋಡ್ಕೊಂಡಿದ್ದೀಯಾ? ನೋಡ್ಕೊಳ್ಳಕ್ಕಾಗಲ್ಲ ಅಲ್ವಾ. ನಾನು ದಿನಾ ನೋಡ್ತೀನಿ. ಹಗ್ಗ ಕೂತ ಕಡೆ ಮಾಂಸ ಕಾಣ್ತದೆ. ಹಿಂಗೇ ಸಾಯ್ತೀಯಾ?"

"ನಿನ್ನ ತಾತಂಗೂ ಹಿಂಗೇ ಹೇಳಿದ್ರು ಕಣೋ!"

"ತಾತಂಗೆ ಮಾತು ಕೊಟ್ಟ ಧಣಿ ಸತ್ತ. ನಂಗೆ ಮಾತು ಕೊಡೋನು ನಾಳೆ ಎದುರಿಗೇ ಇರ್ತಾನೆ. ಊರೋರೆಲ್ಲ ಕೇಳ್ತಾರೆ."

ನಾನು ಅತ್ತೆಯ ಕಡೆ ತಿರುಗಿದೆ. ಅವಳು ಕಿರುಚಬೇಕಿತ್ತು, ಎದೆ ಬಡಿದುಕೊಳ್ಳಬೇಕಿತ್ತು. ಅವಳು ಮೂಲೆಯಿಂದ ಒಂದೇ ಮಾತು ಹೇಳಿದಳು.

"ಹೋಗು ಮಗ. ಆದ್ರೆ ಬೆರಳಿಡೋಕ್ಕೆ ಮುಂಚೆ ಒಂದ್ ಕೇಳು. ನಮ್ಮ ಒಲೆಗಲ್ಲು ಎಲ್ಲಿದೆ ಅಂತ ಕೇಳು. ಜಾಗ ಕೊಡೋನಿಗೆ ಒಲೆ ಎಲ್ಲಿದೆ ಅಂತ ಗೊತ್ತಿರ್ಬೇಕು."

ಮುದುಕಿಗೆ ಬುದ್ಧಿ ಕೆಟ್ಟಿತು ಎಂದುಕೊಂಡೆ.

*

ಚರ್ಚಿನ ಅಂಗಳ ಫೀರಾ ಕಣಿವೆಯ ಬಾಯಲ್ಲಿದೆ. ನಮ್ಮ ಹಿರಿಯರ ಗೋರಿಗಳೂ ಅಲ್ಲೇ ಇವೆ. ಗೋರಿಗಳ ಮೇಲೆ ಕುರಿ ಮೇಯುತ್ತಿದ್ದವು. ಅವನ್ನು ಓಡಿಸುವ ಹಕ್ಕು ನಮಗಿಲ್ಲ. ನನ್ನ ಮಾವನಿಗೆ ಗೋರಿಯೇ ಇಲ್ಲ, ಹಾಗಾಗಿ ಅವನ ಮೇಲೆ ಕುರಿ ಹಿಕ್ಕೆ ಹಾಕಲಿಲ್ಲ ಎಂಬುದೊಂದೇ ಸಮಾಧಾನ.

ಮೇಜಿಗೆ ಸೈನ್ಯದ ಚೌಕಳಿ ಬಟ್ಟೆ ಹೊದಿಸಿದ್ದರು. ಅದರ ನಡುವೆ ಟಗರಿನ ತಲೆ. ಗಾಜಿನ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು. ಮೇಜಿನ ಹಿಂದೆ ಧಣಿ, ಪಕ್ಕದಲ್ಲಿ ಪಾದ್ರಿ, ಎದುರಿಗೆ ಗಿಲ್‌ಕ್ರಿಸ್ಟ್. ಧಣಿ ಎಳೆಯ ಪ್ರಾಯದವನು. ನಮ್ಮವರ ಹಾಗೆ ಸೊಂಟದಿಂದ ಮೊಣಕಾಲ ಮಟ್ಟಕ್ಕೆ ಚೌಕಳಿ ಬಟ್ಟೆ ಸುತ್ತಿಕೊಂಡು ಬಂದಿದ್ದ.

ನಮ್ಮ ಪಕ್ಕ ಫಾರ್ಕರ್ ನಿಂತಿದ್ದ. ಹಿಂದಿನ ಯಾವುದೋ ಯುದ್ಧಕ್ಕೆ ಬಲಗೈ ಕೊಟ್ಟು ಬಂದ ಹಳೆಯ ಸಿಪಾಯಿ.

"ಆ ಮೊಣಕಾಲು ನೋಡು ಬೇಹಾಕಮ್ಮ," ಎಂದ ಸಣ್ಣಗೆ. "ಬೆಣ್ಣೆ ಮುದ್ದೆ. ಬಿಸ್ಲಿಗೆ ಕರಗೋಕ್ಕೆ ಮುಂಚೆ ಮಾತು ಮುಗಿಸ್ಲಿ ಪಾಪ."

ಧಣಿ ಇಂಗ್ಲಿಷಿನಲ್ಲಿ ಮಾತಾಡಿದ. ಗಿಲ್‌ಕ್ರಿಸ್ಟ್ ಗೇಲಿಕ್ಕಿಗೆ ತಂದ. ಈ ಕಣಿವೆಯ ಗಂಡಸರಂಥ ವೀರರು ಲೋಕದಲ್ಲಿಲ್ಲವಂತೆ. ನಾವು ಧಣಿಯ ಮಕ್ಕಳಂತೆ. ರಷ್ಯಾದ ಚಕ್ರವರ್ತಿ ರಾಕ್ಷಸನಂತೆ.

"ಅವನು ಇಲ್ಲಿಗೆ ಬಂದರೆ ಏನು ಮಾಡ್ತಾನೆ ಗೊತ್ತಾ?" ಗಿಲ್‌ಕ್ರಿಸ್ಟ್ ಕೈ ಎತ್ತಿದ. "ನಿಮ್ಮ ಮನೆ ಸುಡ್ತಾನೆ! ನೆಲ ಕಿತ್ಕೊಳ್ತಾನೆ! ಹೆಂಗಸರು ಮಕ್ಕಳನ್ನ ಕಡಲಿಗೆ ನೂಕ್ತಾನೆ!"

"ಹಂಗಾದ್ರೆ ಅವ್ನು ಬಂದು ಹೋಗಿ ಬಾಳ ವರ್ಷ ಆಯ್ತು," ಎಂದಳು ಅತ್ತೆ, ಎಲ್ಲರಿಗೂ ಕೇಳುವಂತೆ. "ಹೆಸ್ರು ಗಿಲ್‌ಕ್ರಿಸ್ಟ್ ಅಂತ ಸುಳ್ಳು ಹೇಳಿದ್ದ."

ಯಾರೋ ಕಿಸಕ್ಕೆಂದರು. ಯಾರೋ ಬಾಯಿಗೆ ಶಾಲಿನ ತುದಿ ತುರುಕಿಕೊಂಡರು. ಗಿಲ್‌ಕ್ರಿಸ್ಟನ ಕಿವಿ ಕೆಂಪಾಯಿತು. ಧಣಿ ಏನೆಂದು ಕೇಳಿದ. ಅವನು ಅನುವಾದಿಸಲಿಲ್ಲ.

ಧಣಿ ಬೆಳ್ಳಿಯ ಮುಚ್ಚಳ ತೆರೆದ. ಯಾರು ಮೊದಲು ಎಂಬಂತೆ ನೋಡಿದ. ಒಬ್ಬನೂ ಅಲುಗಲಿಲ್ಲ. ಹುಡುಗರು ನೆಲ ನೋಡುತ್ತಿದ್ದರು. ಪಾದ್ರಿ ಕೆಮ್ಮಿದ.

ಆಗ ನನ್ನ ಮಗ್ಗುಲು ಖಾಲಿಯಾಯಿತು. ಟಾರ್ಕಿಲ್ ನಡೆಯುತ್ತಿದ್ದ.

ನಾನು ಅವನ ಅಂಗಿಗೆ ಕೈ ಹಾಕಿದೆ. ತುದಿ ಮಾತ್ರ ಸಿಕ್ಕಿತು, ಹರಿಯಿತು. ಆ ಚಿಂದಿ ನನ್ನ ಬೆರಳಲ್ಲೇ ಉಳಿಯಿತು.

ಮೇಜಿನ ಮುಂದೆ ನಿಂತು ಅವನು ಕೇಳಿದ: "ಧಣಿಗಳೇ, ನಾನು ಬೆರಳಿಟ್ಟರೆ ಫೀರಾದಲ್ಲಿ ನಮ್ಮ ಜಾಗ ವಾಪಸ್ಸು ಅಂದ್ರು. ನಮ್ಮ ಒಲೆಗಲ್ಲು ಎಲ್ಲಿದೆ, ಅಷ್ಟು ಹೇಳಿ."

ಗಿಲ್‌ಕ್ರಿಸ್ಟ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಧಣಿ ಹುಬ್ಬೇರಿಸಿದ. ಇಲ್ಲಿ ಯಾರಿಗೂ ಇಂಗ್ಲಿಷ್ ಬಾರದೆಂಬ ಧೈರ್ಯದಲ್ಲಿ ನಗುತ್ತಲೇ ಏನೋ ಹೇಳಿದ. ಮಾತು ಉದ್ದವಾಗಿತ್ತು. ಗಿಲ್‌ಕ್ರಿಸ್ಟನ ಗೇಲಿಕ್ ಗಿಡ್ಡವಾಗಿತ್ತು.

"ಕಲ್ಲು ಭದ್ರವಾಗಿದೆ, ಜಾಗ ಕೊಡ್ತೀನಿ ಅಂತಾರೆ. ಹೂಂ, ಬೆರಳಿಡು."

"ಸುಳ್ಳು," ಎಂದ ಫಾರ್ಕರ್.

ಅವನು ಗುಂಪನ್ನು ಸೀಳಿಕೊಂಡು ಮುಂದೆ ಬಂದ.

"ನನ್ನ ಕೈ ಇಸ್ಕೊಂಡ್ರು. ಬದ್ಲಿಗೆ ಇಂಗ್ಲಿಷ್ ಕೊಟ್ರು. ಅದೊಂದೇ ಪಿಂಚಣಿ ನಂಗೆ. ಧಣಿ ಅಂದಿದ್ದು ಹೇಳ್ತೀನಿ ಕೇಳಿ. 'ಆ ಕಲ್ಲು ಕುರಿ ತೊಳೆಯೋ ತೊಟ್ಟಿ ತಳಕ್ಕೆ ಹಾಕಿದಾರೆ. ಕಣಿವೆ ಪೂರಾ ಕುರಿ ಸಾಹುಕಾರನ ಗುತ್ತಿಗೇಲಿದೆ, ಬಿಡಿಸಕ್ಕಾಗಲ್ಲ. ಇವ್ನು ವಾಪಸ್ಸು ಬಂದ್ರೆ ತಾನೆ ಕೇಳೋದು? ಏನಾದ್ರೂ ಹೇಳಿ ಒಪ್ಸು.' ಇಷ್ಟು ಅಂದ್ರು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ."



ಟಾರ್ಕಿಲ್ ಹಿಂದಕ್ಕೆ ಹೆಜ್ಜೆ ಇಟ್ಟ. ಗಿಲ್‌ಕ್ರಿಸ್ಟ್ ಅವನ ಮುಂಗೈ ಹಿಡಿದ. ದೊಡ್ಡ ಕೈ ಅದು, ಒಲೆಗೆ ಹಾಲು ಸುರಿದ ಕೈ. ಎಳೆದು, ತಿರುವಿ, ನನ್ನ ಮಗನ ಬೆರಳುಗಳನ್ನು ಟಗರಿನ ನೆತ್ತಿಯೊಳಕ್ಕೆ ತುರುಕಿದ. ಬೆಳ್ಳಿಯ ಅಂಚಿಗೆ ಗೆಣ್ಣು ತಾಗಿ ರಕ್ತ ಬಂತು.

"ಬೆರಳಿಟ್ಟ!" ಎಂದು ಕೂಗಿದ. "ಎಲ್ಲರೂ ನೋಡಿದ್ರಲ್ಲ? ಪಾದ್ರಿಗಳೇ, ನೀವೂ ನೋಡಿದ್ರಿ!"

ಪಾದ್ರಿ ತನ್ನ ಬೂಟು ನೋಡುತ್ತ ತಲೆಯಾಡಿಸಿದ.

"ದೇವರ ಅಂಗಳದಲ್ಲಿ ಇಟ್ಟ ಬೆರಳು ಮಗೂ," ಎಂದ. "ಹಿಂದೆ ತೆಗೀಬಾರ್ದು."

ನಾನು ಓಡಿದೆ. ನನಗಿಂತ ಮೊದಲು ಅತ್ತೆ ಅಲ್ಲಿದ್ದಳು. ಅವಳು ಗಿಲ್‌ಕ್ರಿಸ್ಟನ ಮೈಮೇಲೆ ಬೀಳುತ್ತಾಳೆಂದುಕೊಂಡೆ. ಅವಳು ಅವನ ಕಡೆ ನೋಡಲೇ ಇಲ್ಲ. ಧಣಿಯ ಕಡೆಯೂ ನೋಡಲಿಲ್ಲ. ಮೇಜಿಗೆ ಮೊಣಕೈ ಊರಿ, ಟಗರಿನ ಗಾಜುಗಣ್ಣಿಗೆ ಕಣ್ಣಿಟ್ಟು, ನೆರೆಮನೆಯವನನ್ನು ವಿಚಾರಿಸುವಂತೆ ಕೇಳಿದಳು.

"ಏನಪ್ಪ ಟಗರಣ್ಣ, ಚೆನ್ನಾಗಿದ್ದೀಯಾ? ನನ್ನ ಮನೆ ನಿಂದಾಯ್ತು. ನನ್ನ ಒರತೆ ನೀರು ನೀನು ಕುಡೀತೀಯ. ನನ್ನ ಅಪ್ಪ ಅಮ್ಮನ ಗೋರಿ ಹುಲ್ಲು ನೀನು ಮೇಯ್ತೀಯ. ನನ್ನ ಒಲೆಗಲ್ಲಿನ ಮೇಲೆ ನಿನ್ನ ಮುಕಳಿ ತೊಳೀತಾರೆ. ಫೀರಾಕ್ಕೆಲ್ಲ ಈಗ ನೀನೇ ಮನುಷ್ಯ. ಅಂದ್ಮೇಲೆ ರಾಣಿ ಯುದ್ಧಕ್ಕೆ ಹೋಗಬೇಕಾದೋನೂ ನೀನೇ ಅಲ್ವಾ? ಹೋಗ್ತೀಯಾ?"

ಕಿವಿಯನ್ನು ಟಗರಿನ ಬಾಯಿಗೆ ಹಚ್ಚಿದಳು. ಕೇಳಿಸಿಕೊಂಡಳು. ತಲೆಯಾಡಿಸಿದಳು. ನೆಟ್ಟಗೆ ನಿಂತು ನಮ್ಮ ಕಡೆ ತಿರುಗಿದಳು. ಬೊಚ್ಚುಬಾಯಿ ತೆರೆದಳು.

"ಬ್ಯಾ..."

ಕುರಿಯ ದನಿ. ಎಳೆದ, ನಡುಗುವ, ಒರಟಾದ ದನಿ.

ಆಮೇಲೆ ಫಾರ್ಕರ್ ಹೇಳಿದ: "ಬ್ಯಾ..." ಹಿಂದೆ ಯಾವಳೋ ಹೆಂಗಸು, "ಬ್ಯಾ..." ಬುಟ್ಟಿ ಹೊತ್ತು ಬೆನ್ನು ಬಿರಿದವರು, ಕಡಲಿಗೆ ಗಂಡನನ್ನು ಕೊಟ್ಟವರು, ನೆಲ ನೋಡುತ್ತಿದ್ದ ಹುಡುಗರು, ಊರುಗೋಲಿನ ಮುದುಕರು. "ಬ್ಯಾ... ಬ್ಯಾ..." ಅಂಗಳ ತುಂಬಿತು. ಗೋರಿಗಳ ಮೇಲಿದ್ದ ಕುರಿಗಳು ತಲೆ ಎತ್ತಿದವು. ತಮ್ಮವರೇ ಎಂದುಕೊಂಡವೋ ಏನೋ, ಅವೂ ಕೂಗಿದವು. ಬೆಟ್ಟದ ಮೇಲಿನ ಮಂದೆ ಮಾರುತ್ತರ ಕೊಟ್ಟಿತು. ಫೀರಾ ಕಣಿವೆಯೆಲ್ಲ ಒಂದೇ ಗಂಟಲಾಗಿ ಅರಚಿತು. ನನ್ನ ಗಂಟಲೂ ಅದರಲ್ಲಿತ್ತು. ಎಷ್ಟೋ ವರ್ಷಗಳ ಉಪ್ಪುನೀರು ಅದರಿಂದ ಹೊರಗೆ ಬಂತು.

ಧಣಿಯ ಮುಖ ಸುಣ್ಣವಾಯಿತು. ಈ ಮಾತಿಗೆ ಅವನಿಗೆ ಅನುವಾದ ಬೇಕಾಗಲಿಲ್ಲ.

ಗಿಲ್‌ಕ್ರಿಸ್ಟನ ಹಿಡಿತ ಸಡಿಲಾಯಿತು. ನನ್ನ ಕಣ್ಣು ಟಾರ್ಕಿಲ್‌ನ ಕೈಯ ಮೇಲಿತ್ತು. ಅದು ಮೇಲೆ ಬಂತು. ಹೆಬ್ಬೆರಳು, ತೋರುಬೆರಳ ನಡುವೆ ಚಿಟಿಕೆ ನಶ್ಯ ಇತ್ತು. ಕೈ ಮೂಗಿನ ಹತ್ತಿರ ಹೋಯಿತು. ಅವನು ಬೆರಳು ಬಿಡಿಸಿ, ಅಂಗೈ ಮುಂದೆ ಮಾಡಿ, ಉಫ್ ಎಂದು ಊದಿದ.

"...ಡ," ಎಂದ. ಊರೆಲ್ಲ ಅರ್ಧಕ್ಕೆ ಬಿಟ್ಟಿದ್ದ ಮಾತನ್ನು ಅವನು ಪೂರ್ತಿ ಮಾಡಿದ. "ಬ್ಯಾಡ."

ನಶ್ಯ ಧಣಿಯ ಮುಖಕ್ಕೆ ಹೋಯಿತು. ಅವನು ಕಣ್ಣುಜ್ಜಿದ. ಬಾಯಿ ತೆರೆದ. ಮೇಜು ಅಲುಗುವಂತೆ ಸೀನಿದ. ಟಗರಿನ ತಲೆ ಗಾಲಿಗಳ ಮೇಲೆ ಉರುಳಿ, ಮೇಜಿನಂಚು ದಾಟಿ, ಕೆಳಗೆ ಬಿತ್ತು. ಒಂದು ಕೊಂಬು ಮುರಿಯಿತು.

"ಸೀನಿದ್ರು!" ಫಾರ್ಕರ್ ಇದ್ದೊಂದು ಕೈಯಲ್ಲಿ ಸಲಾಮು ಹೊಡೆದ. "ಧಣಿಗಳು ಸಿಪಾಯಿ ಆದ್ರು ಕಣ್ರಪ್ಪೋ! ರಷ್ಯಾಕ್ಕೆ ದಾರಿ ಬಿಡಿ!"

*

ಗಿಲ್‌ಕ್ರಿಸ್ಟ್ ಕುದುರೆಯನ್ನು ನಮ್ಮ ಗುಂಪಿನೊಳಗೇ ನುಗ್ಗಿಸಿ, ಹೋಗುವಾಗ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ.

"ಬರೋ ಚಳಿಗಾಲ ಕಳೆದು ಮಂಜು ಕರಗಲಿ. ಆ ಕಲ್ಲುದಡವೂ ನಿಮಗಿರಲ್ಲ."

ಸುಳ್ಳು ಹೇಳುವ ಮನುಷ್ಯ ಅವನು. ಆದರೆ ಇಂಥ ಮಾತನ್ನು ತಪ್ಪುವವನಲ್ಲ. ನಮಗೆಲ್ಲರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಹುಡುಗರು ಕುರಿಯಂತೆ ಕೂಗಿ ನಗುತ್ತಿದ್ದರು. ದೊಡ್ಡವರು ಆಗಲೇ ಸುಮ್ಮನಾಗಿದ್ದರು.

ಕಲ್ಲುದಡ ತಲುಪಿದಾಗ ಕಡಲು ಹಿಂದೆ ಸರಿದಿತ್ತು. ಅದು ಯಾರಿಗೂ ಕಾಯುವುದಿಲ್ಲ. ಬುಟ್ಟಿ ಎತ್ತಿಕೊಂಡೆ. ಟಾರ್ಕಿಲ್ ನನ್ನ ಹೆಗಲಿನಿಂದ ಹಗ್ಗ ಕಿತ್ತು ತನ್ನ ಎದೆಗೆ ಬಿಗಿದುಕೊಂಡ. ಗಂಡಸು ಬುಟ್ಟಿ ಹೊತ್ತರೆ ನಮ್ಮ ಸೀಮೆಯಲ್ಲಿ ನಗುತ್ತಾರೆ. ಅಂದು ಯಾರೂ ನಗಲಿಲ್ಲ.

ಒಳಗೆ ಬಂದಾಗ ಅತ್ತೆ ಮೂಲೆಯಲ್ಲಿರಲಿಲ್ಲ. ಒಲೆಯ ಮುಂದೆ ಕೂತಿದ್ದಳು. ಎರಡೂ ಕೈಗಳನ್ನು ಬೆಂಕಿಗೆ ಚಾಚಿದ್ದಳು. ಸೊಟ್ಟಗಾದ ಬೆರಳುಗಳ ನಡುವೆ ಬೆಳಕು ಕೆಂಪಗೆ ಕಾಣುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ.

"ಅತ್ತೆ, ಗಿಲ್‌ಕ್ರಿಸ್ಟ್ ಮತ್ತೆ ಬರ್ತಾನೆ."

"ಬರ್ಲಿ," ಎಂದಳು, ತಿರುಗದೆ. "ಈ ಸಲ ಇದನ್ನ ಆರ್ಸಕ್ಕೆ ಹಾಲು ಸಿಗಲ್ಲ. ಹಸು ಇಲ್ಲ ನಮ್ಮತ್ರ. ಕಡಲು ನೀರೇ ಬೇಕು." ಒಂದು ಕಡ್ಡಿಯನ್ನು ಮುರಿದು ಬೆಂಕಿಗಿಟ್ಟಳು. "ಹೊತ್ಕೊಂಡ್ ಬರ್ಲಿ. ಬೆನ್ನ ಮೇಲೆ. ಬುಟ್ಟೀಲಿ."